ತಾಯಿಯ ಮೆದುಳು ಕೇಳಿದ ಕೋಳಿಯಕ್ಕ

ನಮ್ಮ ಬೀದಿಯವರೆಲ್ಲ ಅವಳನ್ನು ಕರೆಯುವುದು ಕೋಳಿಯಕ್ಕ ಎಂದು. ಮಾರುಕಟ್ಟೆಯ ಹಿಂಬದಿ ಸಾಲಿನಲ್ಲಿ ಅವಳ ಕೋಳಿ ಅಂಗಡಿ, ಅದರ ಎದುರಿಗೇ ನನ್ನ ಬೀಗ ರಿಪೇರಿ ಅಂಗಡಿ. ನಡು ಸವೆದು ಬಟ್ಟಲಿನಂತಾದ ಮರದ ಕೊರಡು, ತಗಡು ಹೊದಿಸಿದ ಮೇಜು, ನೀರಿನ ಪೈಪು, ಒಂದರ ಮೇಲೊಂದು ಪೇರಿಸಿದ ಪಂಜರ, ಇವುಗಳ ನಡುವೆಯೇ ಅವಳ ಅರ್ಧ ಆಯುಷ್ಯ ಕಳೆದಿದೆ. ಮೊಣಕೈತನಕ ರಕ್ತ, ಉಗುರಿನ ಸಂದಿಯಲ್ಲಿ ಪುಕ್ಕ. ಕೋಳಿಯ ಹೊಟ್ಟೆಗೆ ಕೈ ಹಾಕಿ ಕರುಳನ್ನು ಒಂದೇ ಎಳೆತಕ್ಕೆ ಹೊರತೆಗೆಯುವಾಗ ಗಿರಾಕಿ ಯಾರಾದರೂ ಮುಖ ಸಿಂಡರಿಸಿದರೆ, "ತಿನ್ನೋವಾಗಲೂ ಹಿಂಗೇ ಮೂಗು ಮುಚ್ಕೊಳ್ತೀರಾ?" ಎಂದು ಕೇಳಿ ನಗಿಸುತ್ತಾಳೆ. ಅಂಥವಳು ಒಂದು ದಿನ ತಣ್ಣಗಿನ, ಥಳಥಳ ಹೊಳೆಯುವ ಸಭಾಂಗಣವೊಂದರಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಳು.

ಅವಳ ತಾಯಿಯಿಂದಲೇ ಶುರು ಮಾಡಬೇಕು. ತಾಯಿ ಸೋಡಾ ಫ್ಯಾಕ್ಟರಿಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ನಲವತ್ತು ದಾಟುವ ಹೊತ್ತಿಗೆ ಬಾಟಲಿಗಳು ಕೈಯಿಂದ ಜಾರತೊಡಗಿದವು. ಆಮೇಲೆ ನಡಿಗೆ ತಪ್ಪಿತು. ಕಾಲು ಎಡಕ್ಕೆ ಇಡಲು ಹೋದರೆ ಬಲಕ್ಕೆ ಬೀಳುತ್ತಿತ್ತು, ಮಾತು ತೊದಲುತ್ತಿತ್ತು. ಕುಡಿದು ಬರುತ್ತಾಳೆಂದು ಮೇಸ್ತ್ರಿ ಕೆಲಸದಿಂದ ತೆಗೆದ. ಕಂಡಕ್ಟರ್ ಬಸ್ಸಿನಿಂದ ಇಳಿಸಿದ. ಕುಡಿಯುವ ಗಂಡಸನ್ನು ನೋಡಿ ನಕ್ಕು ಸುಮ್ಮನಾಗುವ ಬೀದಿ, ತೂರಾಡುವ ಹೆಂಗಸನ್ನು ನೋಡಿ ಬಾಗಿಲು ಹಾಕಿಕೊಂಡಿತು. ಅವಳ ಅಪ್ಪನೂ ಹೀಗೆಯೇ ತೂರಾಡಿ ಸತ್ತಿದ್ದ. ಅವಳು ಹೆತ್ತ ಅವಳಿ ಹೆಣ್ಣುಮಕ್ಕಳಿಬ್ಬರೂ ಇದೇ ರೋಗದಿಂದ ಅವಳ ಕಣ್ಣೆದುರಿಗೇ ಹೋದರು. ಅವರ ಮನೆಗೆ 'ತೂರಾಡೋರ ಮನೆ' ಎಂದೇ ಹೆಸರು ಬಿತ್ತು. ನಾನು ಬೀಗ ಹಾಕಿಕೊಡಲು ಅಲ್ಲಿಗೆ ಹೋದಾಗ ನಡುಮನೆಯ ಗೋಡೆಯನ್ನು ನೋಡಿದ್ದೇನೆ. ಸೊಂಟದೆತ್ತರಕ್ಕೆ, ಬಾಗಿಲಿನಿಂದ ಬಚ್ಚಲಿನತನಕ, ಅವಳ ಅಂಗೈ ಜಾರಿ ಜಾರಿ ಮೂಡಿದ ಒಂದು ಜಿಡ್ಡು ಗೆರೆ ಇತ್ತು.

ಹಾಗಿರುವಾಗ ಸಂಸ್ಥೆಯವರು ಬಂದರು. ಊರಿನ ಹೊರಗೆ ಗಾಜಿನ ಕಟ್ಟಡವಿರುವ ಆ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ಅವರ ಜೊತೆ ಪರದೇಶದ ಪ್ರೊಫೆಸರೊಬ್ಬರು. ತಲೆ ಬಗ್ಗಿಸದೆ ಇವರ ಮನೆಯ ಬಾಗಿಲು ದಾಟಲಾಗದಷ್ಟು ಎತ್ತರದ ಮನುಷ್ಯ; ಬಂದವರು ನೆಲದ ಮೇಲೆಯೇ ಕೂತರು, "ಚೆನ್ನಾಗಿದ್ದೀರಾ?" ಎಂದು ಕೇಳಿದರು. ಆ ಒಂದು ಮಾತಿಗೇ ತಾಯಿ ಕರಗಿ ನೀರಾದಳು. ವರ್ಷಗಟ್ಟಲೆ ಬಾಗಿಲು ಹಾಕಿಕೊಂಡವರನ್ನು ಕಂಡವಳಿಗೆ ಮನೆಯೊಳಗೆ ಬಂದು ಕೂತವರು ದೇವರಂತೆ ಕಂಡಿದ್ದರೆ ತಪ್ಪೇನು?

"ಇದು ಕುಡಿತ ಅಲ್ಲಮ್ಮ. ತಲೆಯ ಹಿಂದುಗಡೆ ಕಿರುಮೆದುಳು ಅಂತ ಇರುತ್ತೆ, ಅದು ಸವೆಯೋ ರೋಗ. ರಕ್ತದಲ್ಲೇ ಬರುತ್ತೆ, ಅಪ್ಪ ಅಮ್ಮನಿಂದ ಮಕ್ಕಳಿಗೆ," ಎಂದರು ದೊಡ್ಡ ಡಾಕ್ಟ್ರು. "ನಿಮ್ಮ ಮನೆಯವರ ರಕ್ತ ಸಿಕ್ಕಿದರೆ ಔಷಧಿ ಹುಡುಕಬಹುದು. ಸಿಕ್ಕಿದ ದಿನ ಮೊದಲು ನಿಮ್ಮ ಮನೆಗೇ."

ಮನೆಯವರೆಲ್ಲ ತೋಳು ಚಾಚಿದರು. ಕೋಳಿಯಕ್ಕ, ಅವಳ ತಮ್ಮ, ತಮ್ಮನ ಮಗಳು, ಸೋದರಮಾವಂದಿರು, ಅವರ ಮಕ್ಕಳು. ತಾಯಿಯನ್ನು ಸಂಸ್ಥೆಗೆ ಕರೆದುಕೊಂಡು ಹೋಗಿ ಅವಳ ನಡಿಗೆಯ ವೀಡಿಯೊ ತೆಗೆದರು. ಕಾಲು ಪೂರ್ತಿ ಕಾಣಬೇಕು ಎಂದು ತೊಡೆತನಕ ಬರುವ, ಬೆನ್ನ ಹಿಂದೆ ದಾರ ಕಟ್ಟುವ ಒಂದು ತೆಳು ಅಂಗಿ ಹಾಕಿಸಿದರು. ನೆಲದ ಮೇಲಿನ ಗೆರೆಯ ಮೇಲೆ ನಡೆಯುವಾಗ ಆ ದಾರ ಬಿಚ್ಚಿಹೋಯಿತು. "ಶಾಲು ಕೊಡೇ, ಶಾಲು ಕೊಡೇ ಮಗಳೇ," ಎಂದು ತಾಯಿ ಕೂಗಿದಳು. ಕೋಳಿಯಕ್ಕ ಶಾಲು ಹಿಡಿದುಕೊಂಡು ಓಡಿದರೆ, ವೀಡಿಯೊ ತೆಗೆಯುವವನು ಇನ್ನು ಸ್ವಲ್ಪ ಇರಿ ಎಂದು ಕೈ ಅಡ್ಡ ಮಾಡಿದ. ಬಟ್ಟೆ ಬದಲಿಸುವ ಕೋಣೆಯಲ್ಲಿ ತಾಯಿ ಅತ್ತಾಗ ದೊಡ್ಡ ಡಾಕ್ಟ್ರೇ ಬಂದು, "ಇದನ್ನ ನಾವು ನಾಲ್ಕು ಜನ ಡಾಕ್ಟ್ರು ಬಿಟ್ಟು ಇನ್ಯಾರೂ ನೋಡಲ್ಲ," ಎಂದು ಮಾತು ಕೊಟ್ಟರು.

ಕೊನೆಗಾಲದಲ್ಲಿ ಮತ್ತೊಂದು ಬೇಡಿಕೆ ಬಂತು. ಸತ್ತ ಮೇಲೆ ಮೆದುಳು ಕೊಡುತ್ತೀರಾ ಎಂದರು. ತಾಯಿಯೇ ತೊದಲುತ್ತ ಉತ್ತರ ಹೇಳಿದಳು: "ಬದುಕಿರೋವಾಗಲೇ ನನ್ನ ಮಾತು ಕೇಳದ ತಲೆ, ಸತ್ತ ಮೇಲೆ ಇಟ್ಕೊಂಡು ಏನ್ ಮಾಡ್ಲಿ? ತಗೊಳ್ಳಿ. ಆದರೆ ಪರದೇಶಕ್ಕೆಲ್ಲ ಕಳಿಸಬೇಡಿ. ನಾನು ಬಸ್ಸಲ್ಲಿ ಕೂತ್ರೇನೇ ವಾಂತಿ ಮಾಡ್ಕೊಳ್ಳೋಳು." ಎಲ್ಲರೂ ನಕ್ಕರು. "ಆಯ್ತಮ್ಮ, ಇಲ್ಲೇ ಇಟ್ಕೊಳ್ತೀವಿ, ಕೆಲಸ ಮುಗಿದ ಮೇಲೆ ನಿಮ್ಮವರಿಗೇ ಒಪ್ಪಿಸ್ತೀವಿ," ಎಂದರು ದೊಡ್ಡ ಡಾಕ್ಟ್ರು. ಅವಳು ಹೆಬ್ಬೆಟ್ಟು ಒತ್ತಿದಳು. ಆರು ತಿಂಗಳಲ್ಲಿ ಸತ್ತಳು. ದೇಹ ಮನೆಗೆ ಬಂದಾಗ ತಲೆಗೆ ಬಿಳಿ ಪಟ್ಟಿ ಸುತ್ತಿತ್ತು. ಮಣ್ಣು ಮಾಡುವಾಗ ಕೋಳಿಯಕ್ಕ ಆ ಪಟ್ಟಿಯನ್ನು ಸರಿಮಾಡಿದಳು. ತಲೆ ಹಗುರಾಗಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿದ್ದಳು.

ಅದಾದ ಮೇಲೆ ಔಷಧಿ ಬರಲಿಲ್ಲ. ಬಂದದ್ದು ಸೂಜಿ ಮಾತ್ರ, ವರ್ಷಕ್ಕೊಮ್ಮೆ. ಅಷ್ಟರಲ್ಲಿ ತಮ್ಮನಿಗೂ ಶುರುವಾಯಿತು. ಅವನು ಬಣ್ಣ ಬಳಿಯುವವನು. ಎತ್ತರದ ಗೋಡೆಗಳ ಕೆಲಸ ಎಂದರೆ ಅವನನ್ನೇ ಕರೆಯುತ್ತಿದ್ದರು, ಏಣಿಯ ಮೇಲೆ ನಿಂತು ಹಾಡು ಹೇಳುತ್ತ ಬ್ರಷ್ ಎಳೆಯುತ್ತಿದ್ದ. ಒಂದು ದಿನ ಏಣಿ ಗಟ್ಟಿಯಾಗಿಯೇ ನಿಂತಿತ್ತು, ಅವನು ಬಿದ್ದ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಅವನನ್ನೂ ಅವನ ಮಗಳನ್ನೂ ಕೋಳಿಯಕ್ಕ ತನ್ನ ಮನೆಗೆ ಕರೆತಂದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸಕ್ಕೆ ಸೇರಿದಳು. ಸಂಸ್ಥೆಯಲ್ಲಿ ತಮ್ಮನ ಕಾಲಿಗೆ ವಾರಕ್ಕೊಮ್ಮೆ ವ್ಯಾಯಾಮ ಮಾಡಿಸುತ್ತಿದ್ದರು. ಬೇರೆಲ್ಲೂ ಅದು ಸಿಗುತ್ತಿರಲಿಲ್ಲ.

ಸಂಸ್ಥೆಗೂ ಪರದೇಶದವರಿಗೂ ಕೈ ಕೂಡಿಸಿದ ಹತ್ತು ವರ್ಷದ ಸಂಭ್ರಮ ಎಂದು ಆಹ್ವಾನ ಬಂದದ್ದು ಆಮೇಲೆ. ರಕ್ತ ಕೊಟ್ಟ ಕುಟುಂಬಗಳಿಗೆ ಸನ್ಮಾನ ಮಾಡುತ್ತೇವೆ ಎಂದರು. ಕೋಳಿಯಕ್ಕ ಕೈಯನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ಉಜ್ಜಿ ತೊಳೆದಳು. ಮೂವರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದರು. ಎದೆಗೆ 'ನಮ್ಮ ಪಾಲುದಾರರು' ಎಂದು ಬರೆದ ಬಿಲ್ಲೆ ಚುಚ್ಚಿ, ಅವರನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ಮುಂದಿನ ಸಾಲುಗಳಲ್ಲಿ ಡಾಕ್ಟ್ರುಗಳು, ಅವರ ಮುಂದೆ ಟೀ, ಬಿಸ್ಕತ್ತು. ಪ್ರೊಫೆಸರು ಅವರ ಭಾಷೆಯಲ್ಲಿ ಮಾತಾಡುತ್ತಿದ್ದರೆ ಸೊಸೆ ತನಗೆ ತಿಳಿದಷ್ಟನ್ನು ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದಳು. ಇಲ್ಲಿ ಸೊಸೆ ಎಂದರೆ ತಮ್ಮನ ಮಗಳು.

ಮೊದಲು ಇಲಿಗಳು ಬಂದವು. ಇವರ ಮನೆಯ ರೋಗವನ್ನು ಇಲಿಗಳಿಗೆ ತುಂಬಿದ್ದರಂತೆ. ತೆರೆಯ ಮೇಲೆ ಬಿಳಿ ಇಲಿಯೊಂದು ಕಂಬಿಯ ಮೇಲೆ ನಡೆಯಲು ಹೋಗಿ ತೂರಾಡಿ ಮುಗ್ಗರಿಸಿತು. ಮುಂದಿನ ಸಾಲಿನವರು ನಕ್ಕರು. ಆಮೇಲೆ ಪ್ರೊಫೆಸರು ಏನೋ ಒತ್ತಿದರು.

ತೆರೆಯ ಉದ್ದಕ್ಕೂ ತಾಯಿ ನಿಂತಿದ್ದಳು. ಆ ತೆಳು ಅಂಗಿ, ಬತ್ತಿದ ತೊಡೆಗಳು, ಗೆರೆಯ ಮೇಲೆ ಕಾಲು. ಗುರುತು ಸಿಗಬಾರದೆಂದು ಕಣ್ಣಿನ ಜಾಗಕ್ಕೆ ಒಂದು ಕಪ್ಪು ಪಟ್ಟಿ ಹಾಕಿದ್ದರು. ಆದರೆ ಪಟ್ಟಿ ಇದ್ದಲ್ಲೇ ಇತ್ತು, ತಾಯಿ ತೂರಾಡುತ್ತಿದ್ದಳು. ಎಡಕ್ಕೆ ವಾಲಿದಾಗ ಮುಖ ಪಟ್ಟಿಯಿಂದ ಪೂರ್ತಿ ಈಚೆಗೆ, ಬಲಕ್ಕೆ ವಾಲಿದಾಗ ಪೂರ್ತಿ ಆಚೆಗೆ. ಹೆದರಿದ ಆ ಎರಡು ಕಣ್ಣು ಇಡೀ ಸಭೆಯನ್ನು ನೋಡುತ್ತಿದ್ದವು. ಧ್ವನಿಯನ್ನಂತೂ ತೆಗೆದೇ ಇರಲಿಲ್ಲ. "ಶಾಲು ಕೊಡೇ ಮಗಳೇ," ಎಂದು ತಾಯಿ ಅಷ್ಟೂ ಸ್ಪೀಕರುಗಳಿಂದ ಕೂಗಿದಳು. ಮುಂದೆ ಯಾರೋ ಬಿಸ್ಕತ್ತು ಮುರಿದ ಸದ್ದು ಕೇಳಿಸಿತು.

ಕೋಳಿಯಕ್ಕ ಎದ್ದು ನಿಂತಳು. "ಏಯ್! ನಿಲ್ಸಿ ಅದನ್ನ! ನಮ್ಮಮ್ಮ ಅದು!"

ತಲೆಗಳು ಹಿಂದಕ್ಕೆ ತಿರುಗಿದವು. ಪ್ರೊಫೆಸರು ಗಾಬರಿಯಿಂದ ಬೇಗ ಬೇಗ ಗುಂಡಿ ಒತ್ತಿದರು, ಮುಂದಿನ ಚಿತ್ರ ಬಂತು. ಅದು ಇನ್ನೂ ಕೆಟ್ಟದ್ದಾಗಿತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ಗೆರೆಗಳಿಂದ ಕೂಡಿಸಿದ ಒಂದು ವಂಶವೃಕ್ಷ. ಒಂದೇ ತುದಿಯಿಂದ ಕವಲೊಡೆದ ಜೋಡಿ ವೃತ್ತ ಕಂಡದ್ದೇ ಅವಳಿಗಳೆಂದು ಸೊಸೆಗೆ ಹೊಳೆಯಿತು, ಇದು ತಮ್ಮದೇ ಮನೆ ಎಂದು ತಿಳಿಯಿತು. ರೋಗ ಬಂದವರಿಗೆ ಕಪ್ಪು ತುಂಬಿದ್ದರು. ಮುಂದೆ ರೋಗ ಬರಲಿರುವವರಿಗೆ ಒಳಗೊಂದು ಚುಕ್ಕೆ ಇಟ್ಟಿದ್ದರು. ಆ ಮನೆಯಲ್ಲಿ ಯಾರೊಬ್ಬರೂ ತಮಗೆ ರೋಗ ಬರುತ್ತದೋ ಇಲ್ಲವೋ ಎಂದು ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

ಕೋಳಿಯಕ್ಕ ಮುಖ ತಿರುಗಿಸಿಕೊಂಡು ಸೊಸೆಯ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. ತಡವಾಗಿತ್ತು.

ಅವಳು ವಾಂತಿ ಮಾಡಿಕೊಂಡದ್ದು ಆಗಲೇ, ಹೊರಗಿನ ಅಮೃತಶಿಲೆಯ ಮೆಟ್ಟಿಲ ಮೇಲೆ. ತಮ್ಮ ಗೋಡೆ ಹಿಡಿದುಕೊಂಡು ಬಂದು ಅವಳ ಬೆನ್ನು ಸವರುತ್ತಿದ್ದ. ಸಂಸ್ಥೆಯ ಕಿರಿಯ ಡಾಕ್ಟರಮ್ಮ ಒಬ್ಬಳು ನೀರು ತಂದಳು. ಒಳ್ಳೆಯ ಹುಡುಗಿ, ಪ್ರತಿ ವರ್ಷ ರಕ್ತ ತೆಗೆಯಲು ಬರುವವಳು. ಆದರೆ ಲೋಟ ಕೊಡುವಾಗ ಅವಳು ಸೊಸೆಯ ಕಡೆ ನೋಡಿದ ರೀತಿ ಇತ್ತಲ್ಲ, ಸಾವಿನ ಮನೆಗೆ ಬಂದವರು ನೋಡುತ್ತಾರಲ್ಲ ಹಾಗೆ, ಅದನ್ನು ಸೊಸೆ ಗಮನಿಸಿದಳು.

"ಆ ಚಿತ್ರದಲ್ಲಿ ನಾನು ಯಾವುದು, ಡಾಕ್ಟ್ರೇ? ಚುಕ್ಕೆ ಇರೋದಾ, ಇಲ್ಲದ್ದಾ?"

ಡಾಕ್ಟರಮ್ಮ ತಲೆ ತಗ್ಗಿಸಿದಳು. "ಅದು ಸಂಶೋಧನೆಯ ಫಲಿತಾಂಶ. ಒಬ್ಬೊಬ್ಬರಿಗೆ ಬಿಡಿಸಿ ಹೇಳೋದಕ್ಕೆ ನಿಯಮ ಇಲ್ಲ. ನಿಮ್ಮ ಗೌಪ್ಯತೆ ಕಾಪಾಡಬೇಕು..."

"ಯಾರಿಂದ ಕಾಪಾಡ್ತೀರಿ?" ಎಂದಳು ಸೊಸೆ. "ಸಭೆ ತುಂಬ ಕೂತೋರಿಗೆಲ್ಲ ತೋರಿಸಿದ್ರಲ್ಲ. ನನ್ನಿಂದ ಕಾಪಾಡ್ತೀರಾ?"

ಮರುದಿನ ಕೋಳಿಯಕ್ಕ ವ್ಯಾಪಾರದ ನಡುವೆಯೇ ಅಂಗಡಿ ಮುಚ್ಚಿದಳು. ಏಪ್ರನ್ನನ್ನೂ ಬಿಚ್ಚದೆ ನೇರ ಸಂಸ್ಥೆಗೆ ಹೋದಳು. ಬಾಗಿಲಿನವನು ವಾಸನೆ ಎಂದು ತಡೆದ. "ಹೌದಪ್ಪಾ, ನಂದು ಹೊರಗಿನ ವಾಸನೆ," ಎಂದು ಅವನನ್ನು ಸರಿಸಿ ಒಳಗೆ ನಡೆದಳು. ದೊಡ್ಡ ಡಾಕ್ಟ್ರು ಎದ್ದು ನಿಂತು ಕೂರಿಸಿದರು, ಟೀ ತರಿಸಿದರು. ಕೋಣೆಯಲ್ಲಿ ಸನ್ಮಾನದ ಫಲಕಗಳು, ಪ್ರೊಫೆಸರ ಜೊತೆ ಕೈಕುಲುಕುವ ಫೋಟೋಗಳು.

"ಬೇಜಾರಾಗಿದೆ ನಿಮಗೆ, ನನಗೆ ಅರ್ಥ ಆಗುತ್ತೆ," ಎಂದರು. "ಪಟ್ಟಿ ಸರಿಯಾಗಿ ಕೂತಿರಲಿಲ್ಲ, ಅದೊಂದು ತಾಂತ್ರಿಕ ತಪ್ಪು."

"ಪಟ್ಟಿ ಸರಿಯಾಗಿ ಕೂತಿದ್ರೆ ತೊಡೆ ತೋರಿಸಬಹುದಿತ್ತಾ?"

"ನೋಡಿಮ್ಮ, ನಿಮ್ಮ ತಾಯಿ ವಿಜ್ಞಾನಕ್ಕೆ ದೊಡ್ಡ ದಾನ ಕೊಟ್ಟಿದ್ದಾರೆ. ಪ್ರಪಂಚದ ಎಷ್ಟು ಜನಕ್ಕೆ..."

"ನಮ್ಮಮ್ಮನ ಮೆದುಳು ವಾಪಸ್ ಕೊಡಿ," ಎಂದಳು ಅವಳು. "ಕೆಲಸ ಮುಗಿದಿರಬೇಕಲ್ಲ, ಹತ್ತು ವರ್ಷದ ಸಂಭ್ರಮ ಮಾಡಿದ್ರಿ. ಮಣ್ಣು ಮಾಡ್ತೀನಿ."

ದೊಡ್ಡ ಡಾಕ್ಟ್ರು ಟೀ ಕಪ್ಪನ್ನು ಸಾಸರಿನ ಮೇಲೆ ಸುಮ್ಮನೆ ತಿರುಗಿಸುತ್ತ ಕೂತರು. ಸುತ್ತಿ ಬಳಸಿ ಹೇಳಿದ್ದರ ತಿರುಳು ಇಷ್ಟು: ಮೆದುಳು ಇಲ್ಲಿಲ್ಲ. ತಾಯಿ ಸತ್ತ ವಾರದಲ್ಲೇ ಮಂಜುಗಡ್ಡೆಯಲ್ಲಿಟ್ಟು ವಿಮಾನ ಹತ್ತಿಸಿದ್ದರು. ಅಲ್ಲಿ ಅದನ್ನು ಕಾಗದಕ್ಕಿಂತ ತೆಳುವಾಗಿ ಕೊಯ್ದು, ಗಾಜಿನ ಚೂರುಗಳಿಗೆ ಅಂಟಿಸಿ, ಮೂರು ದೇಶಗಳಿಗೆ ಹಂಚಿದ್ದರು. ಈಗ ಯಾವ ಚೂರು ಎಲ್ಲಿದೆ ಎಂದು ಕೇಳಿ ನೋಡಬೇಕು. ತಾಯಿ ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ 'ಪ್ರಪಂಚದ ಯಾವುದೇ ಪ್ರಯೋಗಾಲಯಕ್ಕೆ' ಎಂದೇ ಇತ್ತು.

"ಆಯ್ತಮ್ಮ ಇಲ್ಲೇ ಇಟ್ಕೊಳ್ತೀವಿ ಅಂದ್ರಲ್ಲ, ನೀವೇ. ನಮ್ಮೆಲ್ಲರ ಮುಂದೆ."

"ಆಗ ಅವರ ಸಮಾಧಾನಕ್ಕೆ..." ಎಂದರು ಅವರು.

ಅವಳು ಆ ಟೀಯನ್ನು ಮುಟ್ಟಲಿಲ್ಲ. ಅಲ್ಲಿ ಇನ್ನೊಂದು ಕ್ಷಣ ಕೂತಿದ್ದರೆ ಅವರ ಫಲಕಗಳ ಮೇಲೆಯೇ ಕಕ್ಕಿಬಿಡುತ್ತಿದ್ದೆ ಎಂದು ನನಗೆ ಹೇಳಿದಳು. "ನಾನು ದಿನಾ ಕತ್ತು ಕುಯ್ಯೋಳಪ್ಪ. ಆದರೆ ಕುಯ್ಯೋ ಮುಂಚೆ ಕೋಳಿಗೆ 'ನಿನ್ನ ಒಳ್ಳೇದಕ್ಕೇ' ಅಂತ ಹೇಳಲ್ಲ."

ಆಮೇಲೆ ಅವಳ ದೂರು ವಿಚಾರಿಸಲು ಸಂಸ್ಥೆಯ ನೀತಿ ಸಮಿತಿ ಎಂಬುದು ಕೂತಿತು. ಉದ್ದನೆಯ ಮೇಜು, ಅದರ ಆಚೆ ಒಬ್ಬ ವಕೀಲ, ಒಬ್ಬ ನಿವೃತ್ತ ಮೇಷ್ಟ್ರು, ಸಂಸ್ಥೆಯದೇ ಒಬ್ಬ ಡಾಕ್ಟ್ರು. ಅತ್ತೆ, ಸೊಸೆ ಇಬ್ಬರೂ ಹೋದರು. ಸಮಿತಿಯವರು ತುಂಬಾ ಮರ್ಯಾದೆಯಿಂದ ಮಾತಾಡಿದರು. ನಿಯಮಗಳೆಲ್ಲ ಪಾಲನೆಯಾಗಿವೆ, ಆದರೂ ಮಾನವೀಯ ದೃಷ್ಟಿಯಿಂದ ವೀಡಿಯೊದ ಧ್ವನಿಯನ್ನು ತೆಗೆಸುತ್ತೇವೆ ಎಂದರು. ಧ್ವನಿ ಮಾತ್ರ! ಪರದೇಶದ ಪ್ರೊಫೆಸರು ಮಾತ್ರ ಎಲ್ಲೂ ಸಿಗಲಿಲ್ಲ. ಅದು ಸ್ಥಳೀಯ ಪಾಲುದಾರರ ಜವಾಬ್ದಾರಿ ಎಂದು ಅಲ್ಲಿಂದ ಉತ್ತರ ಬಂತು. ಅವರ ಒತ್ತಾಯಕ್ಕೇ ಮೆದುಳನ್ನು ಕಳಿಸಿದ್ದು ಎಂದು ಇಲ್ಲಿಯವರು ಅಂದರು. ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸುತ್ತ ತಿಂಗಳುಗಳನ್ನು ತಳ್ಳಿದರು. ಇನ್ನೊಂದು ವಿಷಯ ಸೊಸೆಗೆ ಆಗಲೇ ತಿಳಿಯಿತು. ಔಷಧಿಯೊಂದು ತಯಾರಾಗಿತ್ತು. ಪ್ರೊಫೆಸರ ದೇಶದಲ್ಲಿ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ಮೊದಲು ನಿಮ್ಮ ಮನೆಗೇ ಎಂದಿದ್ದ ಮನೆಗೆ ಅದರ ಸುದ್ದಿಯೂ ಬಂದಿರಲಿಲ್ಲ.

ಮನೆಯವರೆಲ್ಲ ಇನ್ನು ಮುಂದೆ ರಕ್ತ ಕೊಡಬಾರದು ಎಂದು ಕೋಳಿಯಕ್ಕ ಹೇಳಿದಳು. ಸೋದರಮಾವಂದಿರು ಒಪ್ಪಿದರು. ಅದಾದ ಮುಂದಿನ ವಾರ ತಮ್ಮ ವ್ಯಾಯಾಮಕ್ಕೆ ಹೋದರೆ, ಈ ಸೌಲಭ್ಯ ಅಧ್ಯಯನದಲ್ಲಿ ಇರುವವರಿಗೆ ಮಾತ್ರ ಎಂದು ನಗುನಗುತ್ತಲೇ ವಾಪಸು ಕಳಿಸಿದರು. ಯಾರೂ ಬೆದರಿಸಲಿಲ್ಲ, ಯಾರೂ ದನಿ ಎತ್ತಲಿಲ್ಲ. ಎರಡು ತಿಂಗಳಲ್ಲಿ ಅವನ ಕಾಲು ಇನ್ನಷ್ಟು ಬಿಗಿದುಕೊಂಡಿತು. ಒಂದು ಬೆಳಿಗ್ಗೆ ಅವನು ಅಕ್ಕನಿಗೆ ಹೇಳದೆ ಆಟೋ ಹತ್ತಿ ಹೋಗಿ ತೋಳು ಚಾಚಿ ಬಂದ.

"ನಾಚಿಕೆ ಆಗಲ್ವೇನೋ ನಿನಗೆ?" ಎಂದು ಅವಳು ಕಿರುಚಿದ್ದು ನನ್ನ ಅಂಗಡಿಗೂ ಕೇಳಿಸಿತು.

"ಅಕ್ಕಾ," ಎಂದ ಅವನು, ನಾಲಿಗೆ ಹೊರಳಿಸಲು ಒದ್ದಾಡುತ್ತ, "ಅಮ್ಮನ ಮರ್ಯಾದೆ ನನಗೂ ಬೇಕು. ಆದರೆ ಬಚ್ಚಲಿಗೆ ನಾನೇ ನಡ್ಕೊಂಡು ಹೋಗಬೇಕು."

ಮುಂದಿನ ವಾರ ಕೋಳಿಯಕ್ಕ ತಾನೇ ಅವನನ್ನು ಕರೆದುಕೊಂಡು ಹೋಗಿ, ಒಳಗೆ ಕಾಲಿಡದೆ, ಸಂಸ್ಥೆಯ ಗೇಟಿನ ಹೊರಗೆ ಕೂತಳು. ಅವರ ಮೇಲಿನ ಅಸಹ್ಯಕ್ಕಿಂತ ಆ ಗೇಟಿಗೆ ಮತ್ತೆ ತಾನೇ ಬಂದು ಕೂತೆನಲ್ಲ ಎಂಬ ಅಸಹ್ಯವೇ ಹೆಚ್ಚಾಗಿ ಅವಳನ್ನು ತಿಂದಿತು.

ಸೊಸೆ ಬೇರೆ ದಾರಿ ಹಿಡಿದಳು. ಇನ್ನೊಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಪರೀಕ್ಷೆಗೂ ಮೊದಲು ಕೂರಿಸಿ ಮಾತಾಡಿಸಿ, ತಿಳಿದುಕೊಳ್ಳಬೇಕೋ ಬೇಡವೋ ಎಂದು ಕೇಳಿ, ಆಮೇಲೆ ಮುಚ್ಚಿದ ಕೋಣೆಯಲ್ಲಿ ಹೇಳುವ ವ್ಯವಸ್ಥೆ ಇದೆಯೆಂದು ಪತ್ತೆ ಮಾಡಿ, ಒಬ್ಬಳೇ ಹೋಗಿ ಬಂದಳು. "ನನಗೆ ಗೊತ್ತಾಯ್ತು ಅತ್ತೆ. ನೀನು ಕೇಳಬೇಡ," ಎಂದಳು. ಕೋಳಿಯಕ್ಕ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಸೊಸೆ ಗಾಜಿನ ಲೋಟ ಹಿಡಿದಾಗಲೆಲ್ಲ ಅವಳ ಕೈ ನೋಡುತ್ತಾಳೆ, ತಕ್ಷಣ ಬೇರೆ ಕಡೆ ನೋಡುತ್ತಾಳೆ. ಪರದೇಶದವರು ತಾಯಿಯ ವೀಡಿಯೊವನ್ನು ತಮ್ಮ ಜಾಲತಾಣಕ್ಕೂ ಹಾಕಿದ್ದರು; ಅವರ ಭಾಷೆಯಲ್ಲೇ ಬರೆದು ಬರೆದು ಅದನ್ನು ಅಲ್ಲಿಂದ ತೆಗೆಸಿದವಳೂ ಸೊಸೆಯೇ. ಎಷ್ಟು ಜನ ಅಷ್ಟರಲ್ಲಿ ಇಳಿಸಿಕೊಂಡಿದ್ದರೋ ಯಾರಿಗೆ ಗೊತ್ತು.

ಒಂದು ಮಧ್ಯಾಹ್ನ ಆ ಕಿರಿಯ ಡಾಕ್ಟರಮ್ಮ ನಮ್ಮ ಬೀದಿಗೆ ಬಂದಳು. ಎದೆಗೆ ಅವುಚಿಕೊಂಡಿದ್ದ ಒಂದು ಮರದ ಪೆಟ್ಟಿಗೆ. ಮೂರು ದೇಶಗಳಲ್ಲಿ ಒಂದು ದೇಶದವರು ತಮ್ಮ ಪಾಲನ್ನು ವಾಪಸು ಕಳಿಸಿದ್ದರು. ಉಳಿದ ಎರಡು ಕಡೆಯಿಂದ ಉತ್ತರವಿರಲಿಲ್ಲ. ಕೋಳಿಯಕ್ಕ ಕೈ ತೊಳೆದು ಬಂದು ಮುಚ್ಚಳ ತೆಗೆದಳು. ಸಣ್ಣ ಸಣ್ಣ ಸೀಳುಗಳಲ್ಲಿ ಸಾಲಾಗಿ ನಿಲ್ಲಿಸಿದ ಗಾಜಿನ ಚೂರುಗಳು, ಪ್ರತಿಯೊಂದರ ಮೇಲೂ ನೇರಳೆ ಬಣ್ಣದ ಸಣ್ಣ ಕಲೆ, ಒಂದು ನಂಬರು. ಅವಳು ಒಂದನ್ನು ಬೆಳಕಿಗೆ ಹಿಡಿದಳು. ಎಲೆಯ ನರಗಳ ಹಾಗೆ ಏನೋ ಕಂಡಿತು. ಆಮೇಲೆ ಅದನ್ನು ಅದರ ಸಾಲಿಗೇ ಮತ್ತೆ ಸೇರಿಸಿದಳು. ಡಾಕ್ಟರಮ್ಮನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳಬಾರದು. ಆದರೆ ಅದೇ ಹೊತ್ತಿಗೆ ಅವಳು ಫೋನು ತೆಗೆದಳು.

"ಒಪ್ಪಿಸಿದ್ದೀವಿ ಅಂತ ಸಂಸ್ಥೆಯ ವರದಿಗೆ ಒಂದು ಫೋಟೋ ಬೇಕಿತ್ತು ಅಕ್ಕ. ಪೆಟ್ಟಿಗೆ ಹಿಡ್ಕೊಂಡು, ಒಂದೇ ಒಂದು."

ಕೋಳಿಯಕ್ಕ ಮುಚ್ಚಳ ಹಾಕಿದಳು. "ಹೋಗಮ್ಮ," ಎಂದಳು. "ನೀನು ಒಳ್ಳೆಯವಳು. ಅದಕ್ಕೇ ಹೇಳ್ತಿದ್ದೀನಿ, ಹೋಗು."

ಸಂಜೆ ಬೆಳಕಿರುವಾಗಲೇ ಹೋಗಿ ತಾಯಿಯ ಪಕ್ಕದಲ್ಲಿ ಸಣ್ಣ ಗುಂಡಿ ತೋಡಿ ಪೆಟ್ಟಿಗೆಯನ್ನು ಇಟ್ಟೆವು. ತಮ್ಮನನ್ನು ನಾನೇ ಹಿಡಿದುಕೊಂಡಿದ್ದೆ, ಅವನು ಒಂದು ಹಿಡಿ ಮಣ್ಣು ಹಾಕಲು ಹೋಗಿ ಅರ್ಧವನ್ನು ನನ್ನ ಕಾಲ ಮೇಲೆ ಚೆಲ್ಲಿದ. ಯಾರೂ ಹೆಚ್ಚು ಅಳಲಿಲ್ಲ. ಎಷ್ಟು ಪಾಲು ಬಂತು, ಎಷ್ಟು ಪಾಲು ಅಲ್ಲೇ ಉಳಿಯಿತು ಎಂದು ತಿಳಿಯದವರು ಅಳುವುದಾದರೂ ಎಷ್ಟಕ್ಕೆ?

ಹೋದ ತಿಂಗಳು ಬೇರೊಂದು ಸಂಸ್ಥೆಯವರು ಬಂದಿದ್ದರು. ಹೊಸ ಮುಖಗಳು, ಹೊಸ ಬ್ಯಾಗು. "ರಕ್ತ ಬೇಡ ಅಮ್ಮ, ಸೂಜಿ ಇಲ್ಲ, ಈ ಕೊಳವೆಗೆ ಸ್ವಲ್ಪ ಉಗುಳಿದ್ರೆ ಸಾಕು," ಎಂದರು. ಕೋಳಿಯಕ್ಕ ಅವರ ಬೂಟಿನ ಮುಂದೆ ನೆಲಕ್ಕೆ ಥೂ ಎಂದು ಉಗಿದು ಒಳಗೆ ಹೋದಳು. ಅವರು ಬೆಪ್ಪಾಗಿ ನಿಂತಿದ್ದಾಗ ಸೊಸೆ ಹೊರಗೆ ಬಂದಳು. ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಇದು ಎಲ್ಲಿಗೆ ಹೋಗುತ್ತೆ, ಯಾರು ಇಟ್ಕೊಳ್ತಾರೆ, ಬೇಡ ಅಂದ ದಿನ ವಾಪಸು ಬರುತ್ತಾ, ಔಷಧಿ ಬಂದ್ರೆ ನಮ್ಮಪ್ಪನಿಗೆ ಸಿಗುತ್ತಾ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. ಅವರು ತಮ್ಮ ತಮ್ಮಲ್ಲೇ ಗುಸುಗುಸು ಮಾಡಿಕೊಂಡು, ಮೇಲಿನವರನ್ನು ಕೇಳಿಕೊಂಡು ಬರುತ್ತೇವೆ ಎಂದು ಹೋದರು. ಇನ್ನೂ ಬಂದಿಲ್ಲ.